ವಿವಾಹವೂ ಪೌರತ್ವವೂ

ಈ ಸಂಜೆ ಕೇಳುಗರ ಮುಂದೆ ನಾವು ಇಡಬೇಕೆಂದಿರುವ ವಿಷಯ ಮೇಲುನೋಟಕ್ಕೆ ಶುಷ್ಕವಾದುದು. ವಕೀಲರಿಗೆ ಬಿಟ್ಟುಬಿಡಬಹುದೆಂದು ತೋರುವಂಥದು. ಒಬ್ಬನು ಯಾವ ರಾಜ್ಯದ ಪ್ರಜೆ? ಇನ್ನೊಂದು ರಾಜ್ಯದಲ್ಲಿ ಕಾಲಿಡುವುದಕ್ಕೂ ನೆಲಸುವುದಕ್ಕೂ ಅವನಿಗಿರುವ ಹಕ್ಕು ಎಷ್ಟರಮಟ್ಟಿನದು? ಅವನು ಮದುವೆಯಾದರೆ ಆ ಹಕ್ಕು ಹೆಂಡತಿಗೆ ಸಲ್ಲುತ್ತದೆಯೆ, ಮಕ್ಕಳಿಗೆ ಸಲ್ಲುತ್ತದೆಯೆ? ಪ್ರಶ್ನೆಗಳು ಇಷ್ಟೆ. ಆದರೆ ಬೆಂಗಳೂರು ಮೈಸೂರುಗಳ ಯಾವ ಬಡಾವಣೆಗೆ ಹೋದರೂ ಮಗನನ್ನೋ ಮಗಳನ್ನೋ ಕಡಲಾಚೆಗೆ ಕಳುಹಿಸಿರುವ ಮನೆಗಳು ಸಾಲುಸಾಲಾಗಿ ಸಿಕ್ಕುವ ಕಾಲ ಇದು. ಜಾತಕ ನೋಡುವ ಹಿರಿಯರು ವರನ ವೀಸಾ ಯಾವ ಬಗೆಯದೆಂದೂ ಈಗ ವಿಚಾರಿಸುತ್ತಾರೆ. ವಿಚಾರಿಸುವುದು ಸರಿಯೆ. ಬಂದ ಉತ್ತರದ ಅರ್ಥವೇನು, ಅದರಿಂದ ತಮ್ಮ ಹುಡುಗಿಗೆ ಏನಾಗುತ್ತದೆ ಎಂದು ಮುಂದಕ್ಕೆ ಕೇಳುವವರು ಕಡಮೆ. ಆ ಮುಂದಿನ ಪ್ರಶ್ನೆಯನ್ನೇ ಇಂದು ಸ್ವಲ್ಪ ಬಿಡಿಸಿ ನೋಡಬೇಕೆಂದು ನಮ್ಮ ಇಚ್ಛೆ.

ವಿವಾಹಕ್ಕೆ ಸಾಕ್ಷಿ ಯಾರು? ನಮ್ಮ ಸಂಪ್ರದಾಯದಲ್ಲಿ ಅಗ್ನಿ ಸಾಕ್ಷಿ, ಬಂಧುಬಳಗ ಸಾಕ್ಷಿ, ಅರುಂಧತೀ ನಕ್ಷತ್ರ ಸಾಕ್ಷಿ. 1955ರ ಹಿಂದೂ ವಿವಾಹ ಕಾಯಿದೆ ಕೂಡ, ಸಪ್ತಪದಿಯ ವಾಡಿಕೆಯಿರುವಲ್ಲಿ ಏಳನೆಯ ಹೆಜ್ಜೆಗೆ ವಿವಾಹ ಪೂರ್ಣವಾಯಿತೆಂದು ಒಪ್ಪಿಕೊಂಡಿದೆ. ಆದರೆ ಪರದೇಶದ ಬಂದರಿನಲ್ಲಿ ಮೇಜಿನ ಹಿಂದೆ ಕುಳಿತ ಅಧಿಕಾರಿಗೆ ಅರುಂಧತಿ ಕಾಣುವುದಿಲ್ಲ. ಅವನು ನೋಡುವುದು ತನ್ನ ನಾಡಿನ ಶಾಸನವನ್ನು. ಮದುವೆ ಮಾಡಿಸುವವರು ಒಂದು ನಾಡಿನವರು. ಅದು ಮದುವೆಯೆ ಅಲ್ಲವೆ ಎಂದು ತೀರ್ಮಾನಿಸುವವರು ಇನ್ನೊಂದು ನಾಡಿನವರು. ಈ ಇಬ್ಬರ ನಡುವೆ ಸಿಕ್ಕಿದ ಹೆಣ್ಣಿನ ಪಾಡೇನೆಂಬುದನ್ನು ಭಾರತೀಯರು ಬಹಳ ಕಹಿಯಾಗಿ ಕಲಿತದ್ದು ದಕ್ಷಿಣ ಆಫ್ರಿಕದಲ್ಲಿ, 1913ರಲ್ಲಿ.

ಅಲ್ಲಿ ನೆಲಸಿದ್ದ ಒಬ್ಬ ಮುಸಲ್ಮಾನ ಗೃಹಸ್ಥನು ಭಾರತದಿಂದ ತನ್ನ ಹೆಂಡತಿಯನ್ನು ಕರೆಯಿಸಿಕೊಂಡನು. ವಲಸೆಯ ಅಧಿಕಾರಿಗಳು ಆಕೆಯನ್ನು ಒಳಕ್ಕೆ ಬಿಡಲಿಲ್ಲ. ಮೊಕದ್ದಮೆ ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಅವರ ಮುಂದೆ ಹೋಯಿತು. ಮಾರ್ಚಿ 14ರಂದು ಅವರು ಕೊಟ್ಟ ತೀರ್ಪಿನ ತಾತ್ಪರ್ಯವೇನೆಂದರೆ, ಬಹುಪತ್ನೀತ್ವಕ್ಕೆ ಅವಕಾಶವಿರುವ ಮತಧರ್ಮದ ವಿಧಿಯಂತೆ ನಡೆದ ವಿವಾಹವನ್ನು ಆ ದೇಶದ ಶಾಸನ ವಿವಾಹವೆಂದು ಎಣಿಸುವುದಿಲ್ಲ ಎಂದು. ಒಬ್ಬನಿಗೆ ಇರುವುದು ಒಬ್ಬಳೇ ಹೆಂಡತಿಯಾದರೂ ಮಾತು ಅದೇ. ಹಿಂದೂ, ಮುಸಲ್ಮಾನ, ಪಾರಸಿ ಎಂಬ ಭೇದವಿಲ್ಲದೆ ಅಲ್ಲಿದ್ದ ಭಾರತೀಯರ ಸಂಸಾರಗಳು ಒಂದೇ ದಿವಸದಲ್ಲಿ ಶಾಸನದ ಕಣ್ಣಿಗೆ ಸಂಸಾರಗಳಲ್ಲದೆ ಹೋದುವು. ಇಪ್ಪತ್ತು ಮೂವತ್ತು ವರ್ಷ ಗೃಹಿಣಿಯರಾಗಿ ಬಾಳಿದವರು ಹೆಂಡತಿಯರಲ್ಲವಾದರು. ಅವರ ಮಕ್ಕಳ ವಾರಸು ಹಕ್ಕಿಗೂ ಕುತ್ತು ಬಂದಿತು. ಭಾರತಕ್ಕೆ ಹೋಗಿ ಹಿಂದಿರುಗುವ ಹೆಂಗಸನ್ನು ಹಡಗಿನಿಂದಲೇ ಮರಳಿ ಕಳುಹಿಸುವುದಕ್ಕೆ ಅಧಿಕಾರಿಗಳಿಗೆ ಈಗ ಆಧಾರ ದೊರೆತಂತಾಯಿತು.

ಗಾಂಧಿಯವರ ಸತ್ಯಾಗ್ರಹವನ್ನು ಕುರಿತು ನಮ್ಮ ಪಠ್ಯಪುಸ್ತಕಗಳು ಮೂರು ಪೌಂಡಿನ ತಲೆಗಂದಾಯದ ಮಾತನ್ನು ಹೇಳುತ್ತವೆ, ರಹದಾರಿಗಳನ್ನು ಸುಟ್ಟ ಕಥೆಯನ್ನು ಹೇಳುತ್ತವೆ. ಈ ತೀರ್ಪಿನ ಸುದ್ದಿಯನ್ನು ಒಂದು ವಾಕ್ಯದಲ್ಲಿ ತೇಲಿಸಿಬಿಡುತ್ತವೆ. ಆದರೆ ಅಲ್ಲಿಯವರೆಗೆ ಮನೆಯೊಳಗಿದ್ದ ಹೆಂಗಸರು ಸೆರೆಮನೆಯ ದಾರಿ ಹಿಡಿದದ್ದು ಇದರಿಂದ. ಕಸ್ತೂರಬಾ ಅವರೂ ಸೇರಿದಂತೆ ಫೀನಿಕ್ಸ್ ಆಶ್ರಮದ ಒಂದು ಸಣ್ಣ ತಂಡ, ಅನುಮತಿಯಿಲ್ಲದೆ ಟ್ರಾನ್ಸ್‌ವಾಲಿನ ಗಡಿ ದಾಟಿ, 1913ರ ಸೆಪ್ಟೆಂಬರ್ 23ರಂದು ಮೂರು ತಿಂಗಳ ಕಠಿಣ ಶಿಕ್ಷೆ ಪಡೆಯಿತು. ಟ್ರಾನ್ಸ್‌ವಾಲಿನ ತಮಿಳು ಹೆಂಗಸರು ಎದುರು ದಿಕ್ಕಿನಲ್ಲಿ ಗಡಿ ದಾಟಿ ನ್ಯೂಕ್ಯಾಸಲ್ಲಿನ ಕಲ್ಲಿದ್ದಲ ಗಣಿಗಳಿಗೆ ಹೋದರು. ಅಲ್ಲಿ ಅವರಾಡಿದ ಮಾತಿನಿಂದಲೇ ಕೂಲಿಗಳ ಮುಷ್ಕರ ಹೊತ್ತಿಕೊಂಡಿತು. ಸೆರೆಮನೆಯಲ್ಲಿ ಜ್ವರ ಹಿಡಿದು ಹೊರಬಂದ ವಲ್ಲಿಯಮ್ಮ ಎಂಬ ಹದಿನಾರರ ಹುಡುಗಿ 1914ರ ಫೆಬ್ರವರಿ 22ರಂದು ತೀರಿಕೊಂಡಳು. ಆ ವರ್ಷವೇ ಬಂದ ಭಾರತೀಯರ ಪರಿಹಾರ ಕಾಯಿದೆಯಲ್ಲಿ ತಲೆಗಂದಾಯ ರದ್ದಾಯಿತು. ಒಬ್ಬನಿಗೆ ಒಬ್ಬ ಹೆಂಡತಿಯೆಂಬ ನಿಯಮಕ್ಕೆ ಒಳಪಟ್ಟು ಭಾರತೀಯರ ವಿವಾಹಕ್ಕೆ ಮಾನ್ಯತೆ ದೊರೆಯಿತು. ಒಬ್ಬ ಹೆಂಡತಿಯನ್ನು ಹಡಗಿನಿಂದ ಇಳಿಸಿಕೊಳ್ಳುವ ಹಕ್ಕಿಗೆ ಇಷ್ಟು ಬೆಲೆ ತೆರಬೇಕಾಯಿತು.

ಅಲ್ಲಿ ಆದದ್ದು ಮದುವೆಯನ್ನು ಒಪ್ಪದ ಅನ್ಯಾಯ. ಇದಕ್ಕೆ ತಿರುಗುಮುರುಗಾದ ಇನ್ನೊಂದು ಅನ್ಯಾಯ ಅದೇ ಕಾಲದಲ್ಲಿ ಬೇರೆ ದೇಶಗಳಲ್ಲಿ ನಡೆಯುತ್ತಿತ್ತು. ಅಲ್ಲಿ ಮದುವೆಯನ್ನು ಒಪ್ಪುತ್ತಿದ್ದರು. ಹೆಣ್ಣು ಅದರೊಳಗೆ ಕರಗಿ ಕಾಣದೆ ಹೋಗುವಷ್ಟು ಪೂರ್ಣವಾಗಿ ಒಪ್ಪುತ್ತಿದ್ದರು. ಹೆಂಡತಿಗೆ ಗಂಡನ ರಾಷ್ಟ್ರವೇ ರಾಷ್ಟ್ರವೆಂಬ ಸೂತ್ರವನ್ನು 1804ರ ಫ್ರೆಂಚ್ ಸಂಹಿತೆ ಬರೆದಿಟ್ಟಿತು. ಇಂಗ್ಲೆಂಡು 1870ರ ಕಾಯಿದೆಯಲ್ಲಿ ಅದನ್ನೇ ಸ್ವೀಕರಿಸಿತು. ಪರದೇಶದವನನ್ನು ಕೈಹಿಡಿದ ಇಂಗ್ಲಿಷ್ ಹೆಂಗಸು ಚರ್ಚಿನ ಬಾಗಿಲಿನಿಂದ ಹೊರಬರುವಷ್ಟರಲ್ಲಿ ಪರದೇಶದವಳು. 1914ರಲ್ಲಿ ಯುದ್ಧ ಬಂದಾಗ, ಲಂಡನ್ನಿನಲ್ಲಿಯೇ ಹುಟ್ಟಿ ಬೆಳೆದು ಜರ್ಮನ್ನನನ್ನು ಮದುವೆಯಾಗಿದ್ದ ಹೆಂಗಸರು ಶತ್ರುರಾಜ್ಯದ ಪ್ರಜೆಗಳಾಗಿ ಪೋಲೀಸಿನವರ ಪುಸ್ತಕದಲ್ಲಿ ಹೆಸರು ಬರೆಸಬೇಕಾಯಿತು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1907ರ ಕಾಯಿದೆ ಇದೇ ನಿಯಮವನ್ನು ಹಾಕಿತು. ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಎಥೆಲ್ ಮೆಕೆಂಜಿ ಎಂಬಾಕೆ 1909ರಲ್ಲಿ ಸ್ಕಾಟ್ಲೆಂಡಿನ ಒಬ್ಬ ಗಾಯಕನನ್ನು ಮದುವೆಯಾದಳು. ಊರು ಬಿಟ್ಟು ಹೋಗಲಿಲ್ಲ, ಮನೆ ಬದಲಾಯಿಸಲಿಲ್ಲ. 1911ರಲ್ಲಿ ಆ ಪ್ರಾಂತದ ಹೆಂಗಸರಿಗೆ ಮತಾಧಿಕಾರ ಬಂದ ಮೇಲೆ ಪಟ್ಟಿಯಲ್ಲಿ ಹೆಸರು ಸೇರಿಸಬೇಕೆಂದು ಹೋದರೆ, ನೀನು ಈ ದೇಶದವಳೇ ಅಲ್ಲ ಎಂಬ ಉತ್ತರ ಬಂತು. ಮೊಕದ್ದಮೆ ಸರ್ವೋಚ್ಚ ನ್ಯಾಯಸ್ಥಾನದವರೆಗೆ ಹೋಗಿ 1915ರಲ್ಲಿ ಬಿದ್ದುಹೋಯಿತು. ಫಲವನ್ನು ತಿಳಿದೇ ಮದುವೆಯಾದಳಾದ್ದರಿಂದ ತಾನಾಗಿಯೇ ಪೌರತ್ವವನ್ನು ಬಿಟ್ಟಂತಾಯಿತೆಂದು ನ್ಯಾಯಾಧೀಶರು ವಿವರಿಸಿದರು. ಈ ತರ್ಕವನ್ನು ತರಗತಿಯಲ್ಲಿ ನಾವು ಹೇಳಿದಾಗಲೆಲ್ಲ ವಿದ್ಯಾರ್ಥಿನಿಯರು ನಗುತ್ತಾರೆ. ನಗುವುದಕ್ಕೆ ಕಾರಣವಿದೆ: ಅಮೆರಿಕದ ಗಂಡಸು ಸ್ಕಾಟ್ಲೆಂಡಿನವಳನ್ನು ಮದುವೆಯಾದರೆ ಏನನ್ನೂ ಬಿಡಬೇಕಾಗಿರಲಿಲ್ಲ.

ಹೆಂಗಸರ ಸಂಘಗಳ ಒತ್ತಾಯದಿಂದ 1922ರಲ್ಲಿ ಕೇಬಲ್ ಕಾಯಿದೆ ಬಂದು, ವಿವಾಹವಾದ ಮಾತ್ರಕ್ಕೆ ಅಮೆರಿಕದ ಹೆಣ್ಣು ಪೌರತ್ವವನ್ನು ಕಳೆದುಕೊಳ್ಳತಕ್ಕುದಲ್ಲವೆಂದು ವಿಧಿಸಿತು. ಆದರೆ ಅದರಲ್ಲಿ ಒಂದು ಕೊಕ್ಕೆ ಇತ್ತು. ಗಂಡನು ಪೌರತ್ವಕ್ಕೆ ಅರ್ಹನಾಗಲಾರದ ಜನಾಂಗದವನಾದರೆ ಹಳೆಯ ನಿಯಮವೇ ನಿಯಮ. ಆ ದೇಶದಲ್ಲಿ ಆಗ ಬಿಳಿಯರಿಗೂ ಆಫ್ರಿಕ ಸಂತತಿಯವರಿಗೂ ಮಾತ್ರ ಹೊಸದಾಗಿ ಪೌರತ್ವ ಕೊಡುತ್ತಿದ್ದರು. ಭಾರತೀಯರು ಯಾವ ಗುಂಪಿಗೆ ಸೇರಿದವರೆಂಬುದು ಇತ್ಯರ್ಥವಾಗಿರಲಿಲ್ಲ; ಕೆಲವು ನ್ಯಾಯಸ್ಥಾನಗಳು ಕೊಟ್ಟಿದ್ದುವು, ಕೆಲವು ನಿರಾಕರಿಸಿದ್ದುವು. 1923ರ ಫೆಬ್ರವರಿ 19ರಂದು ಭಗತ್ ಸಿಂಗ್ ತಿಂಡ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಸ್ಥಾನವು ಭಾರತೀಯರು ಬಿಳಿಯರಲ್ಲವೆಂದು ತೀರ್ಪು ಕೊಟ್ಟಿತು. ತಿಂಡ್ ಅವರು ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿಯೇ ಇದ್ದವರು; ಅದು ಲೆಕ್ಕಕ್ಕೆ ಬರಲಿಲ್ಲ.

ಇದಾದ ಮೇಲೆ ಸರ್ಕಾರ ಹಿಂದೆ ಪೌರತ್ವ ಪಡೆದಿದ್ದ ಭಾರತೀಯರಿಂದ ಅದನ್ನು ಕಿತ್ತುಕೊಳ್ಳಲು ಹೊರಟಿತು. ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋದಾಸ್ ಬಗಾಯಿ ಅವರು ಹೆಂಡತಿಯನ್ನೂ ಮೂವರು ಮಕ್ಕಳನ್ನೂ ಕಟ್ಟಿಕೊಂಡು 1915ರಲ್ಲಿ ಹೋಗಿ ನೆಲಸಿದವರು, 1921ರಲ್ಲಿ ಪೌರರಾದವರು. ಅವರ ಪೌರತ್ವ ಹೋಯಿತು, ಅದರೊಂದಿಗೆ ಆಸ್ತಿಯ ಹಕ್ಕೂ ಹೋಯಿತು. ಭಾರತಕ್ಕೆ ಹೋಗಿ ಬರಬೇಕೆಂದರೆ ಬ್ರಿಟಿಷ್ ಪಾಸ್‌ಪೋರ್ಟು ತೆಗೆದುಕೊಳ್ಳಿರೆಂದು ಹೇಳಿದರು. ಬ್ರಿಟಿಷ್ ಆಳ್ವಿಕೆಯನ್ನು ಒಲ್ಲದೆ ದೇಶ ಬಿಟ್ಟಿದ್ದ ಆ ಮನುಷ್ಯ 1928ರಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು. ತನ್ನ ಕಾರಣಗಳನ್ನು ಪತ್ರದಲ್ಲಿ ಬರೆದಿಟ್ಟು ಹೋದನು. ವಿಧವೆಯಾದ ಕಲಾ ಬಗಾಯಿ ಅವರು ಆ ನೆಲದಲ್ಲಿಯೇ ನಿಂತು ಮಕ್ಕಳನ್ನು ಬೆಳೆಸಿದರು.

ಸಖಾರಾಮ ಗಣೇಶ ಪಂಡಿತರ ಕಥೆ ಬೇರೆ ದಾರಿ ಹಿಡಿಯಿತು. ಅವರು ಕ್ಯಾಲಿಫೋರ್ನಿಯದಲ್ಲಿ ವಕೀಲರು, ಪತ್ನಿ ಅಮೆರಿಕದವರು. ಪಂಡಿತರು ತಮ್ಮ ಮೊಕದ್ದಮೆಯಲ್ಲಿ ವಾದಿಸಿದ ರೀತಿ ಗಮನಿಸತಕ್ಕದ್ದು. ರಾಜ್ಯವು ತಮಗೆ ಕೊಟ್ಟ ಪೌರತ್ವವನ್ನು ನಂಬಿಯೇ ತಾವು ವೃತ್ತಿ ಹಿಡಿದದ್ದು, ಮದುವೆಯಾದದ್ದು, ಆಸ್ತಿ ಮಾಡಿದ್ದು. ಈಗ ಅದನ್ನು ಹಿಂದಕ್ಕೆ ತೆಗೆದುಕೊಂಡರೆ ತಮ್ಮ ವೃತ್ತಿ ಹೋಗುವುದಲ್ಲದೆ ಹೆಂಡತಿಯ ಪೌರತ್ವವೂ ಭೂಮಿಯೂ ಹೋಗುತ್ತವೆ ಎಂದರು. ಮೇಲಿನ ನ್ಯಾಯಸ್ಥಾನ 1926ರಲ್ಲಿ ಅವರ ಪಕ್ಷವನ್ನು ಎತ್ತಿಹಿಡಿಯಿತು. 1927ರಲ್ಲಿ ಸರ್ವೋಚ್ಚ ನ್ಯಾಯಸ್ಥಾನ ಸರ್ಕಾರದ ಅರ್ಜಿಯನ್ನು ಸ್ವೀಕರಿಸಲಿಲ್ಲ. ಭಾರತೀಯರ ಮೇಲಿನ ಇಂಥ ದಾವೆಗಳು ಅಲ್ಲಿಗೆ ನಿಂತುವು. ಗಂಡನ ಹಕ್ಕನ್ನು ಉಳಿಸುವುದಕ್ಕೆ ಹೆಂಡತಿಗಾಗುವ ಹಾನಿಯೂ ಒಂದು ವಾದವಾಗಿ ಒದಗಿದ ವಿಚಿತ್ರ ಸಂದರ್ಭ ಅದು. ಇದೇ ವೇಳೆಯಲ್ಲಿ, ಬಂಗಾಳದ ಕ್ರಾಂತಿಕಾರಿ ವಿದ್ವಾಂಸ ತಾರಕನಾಥ ದಾಸರ ಪತ್ನಿ, ಅಮೆರಿಕದವರಾದ ಮೇರಿ ದಾಸ್ ಅವರು, ಮದುವೆಯ ಕಾರಣದಿಂದ ತಾನು ಯಾವ ನಾಡಿಗೂ ಸೇರದವಳಾದೆನೆಂದು 1926ರಲ್ಲಿ ಪತ್ರಿಕೆಯಲ್ಲಿ ಬರೆದರು. ಆ ಕೊಕ್ಕೆಯನ್ನು ಕಾಯಿದೆಯಿಂದ ತೆಗೆದದ್ದು 1931ರಲ್ಲಿ. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಜೊತೆಗೆ ವರ್ಷಕ್ಕೆ ನೂರು ಮಂದಿಯ ಪ್ರವೇಶ.

ಮುಂದೆ ಕಾಲ ಬದಲಾಯಿತು. ಬ್ರಿಟನ್ನು 1948ರ ಕಾಯಿದೆಯಿಂದ ಹೆಂಡತಿಯ ರಾಷ್ಟ್ರೀಯತೆಯನ್ನು ಗಂಡನದರಿಂದ ಬೇರ್ಪಡಿಸಿತು. ಮದುವೆಯೇ ಆಗಲಿ ವಿಚ್ಛೇದನೆಯೇ ಆಗಲಿ ಹೆಂಡತಿಯ ರಾಷ್ಟ್ರೀಯತೆಯನ್ನು ತಾನಾಗಿಯೇ ಬದಲಾಯಿಸಕೂಡದೆಂದು ವಿಶ್ವಸಂಸ್ಥೆಯ ಒಪ್ಪಂದ 1957ರಲ್ಲಿ ಸಾರಿತು. ನಮ್ಮ 1955ರ ಪೌರತ್ವ ಕಾಯಿದೆಯಲ್ಲಿಯೂ ಪರದೇಶದವನನ್ನು ಮದುವೆಯಾದ ಮಾತ್ರಕ್ಕೆ ಭಾರತದ ಹೆಣ್ಣು ಪೌರತ್ವ ಕಳೆದುಕೊಳ್ಳುವುದಿಲ್ಲ. ಆದರೆ ಅದರ ಮೊದಲ ಪಾಠದಲ್ಲಿ ಪಕ್ಷಪಾತವಿಲ್ಲದಿರಲಿಲ್ಲ. ಭಾರತೀಯನ ಹೆಂಡತಿಯಾದ ವಿದೇಶೀಯಳಿಗೆ ನೋಂದಣಿಯ ಸುಲಭಮಾರ್ಗವಿತ್ತು. ಭಾರತೀಯಳ ಗಂಡನಾದ ವಿದೇಶೀಯನಿಗೆ ಆ ಮಾರ್ಗ ತೆರೆದದ್ದು 1986ರಲ್ಲಿ. ಈಗ ಇಬ್ಬರಿಗೂ ಅರ್ಜಿಗೆ ಮುಂಚೆ ಏಳು ವರ್ಷ ಇಲ್ಲಿ ವಾಸವಾಗಿರಬೇಕೆಂಬ ನಿಬಂಧನೆಯಿದೆ. ಇನ್ನು ಪರದೇಶದಲ್ಲಿ ಹುಟ್ಟಿದ ಮಗು: ವಂಶದ ಮೂಲಕ ಭಾರತದ ಪೌರತ್ವ ಅದಕ್ಕೆ ತಂದೆಯಿಂದ ಮಾತ್ರ ಬರುತ್ತಿತ್ತು. ತಾಯಿಯಿಂದಲೂ ಬರಬಹುದೆಂದು ಶಾಸನ ಒಪ್ಪಿದ್ದು 1992ರ ಡಿಸೆಂಬರ್ 10ರಿಂದ. ಹೆತ್ತವಳ ನಾಡು ಮಗುವಿನ ನಾಡಲ್ಲವೆಂದು ಸಂವಿಧಾನ ಬಂದು ನಲವತ್ತೆರಡು ವರ್ಷ ಕಳೆಯುವವರೆಗೂ ನಾವು ಹೇಳುತ್ತಿದ್ದೆವು.

ಪೌರತ್ವದಲ್ಲಿ ಗಂಡನಿಗೆ ಕಟ್ಟಿದ ಹಗ್ಗವನ್ನು ಹೀಗೆ ಹಲವು ನಾಡುಗಳು ಕತ್ತರಿಸಿದುವು. ಆದರೆ ಪೌರತ್ವ ಬೇರೆ, ವಾಸದ ಅನುಮತಿ ಬೇರೆ. ಎರಡನೆಯದರಲ್ಲಿ ಹಗ್ಗ ಇನ್ನೂ ಇದೆ. ನಮ್ಮ ಮನೆಯ ಹೆಣ್ಣುಮಕ್ಕಳು ಇಂದು ಕಾಣುವುದು ಅದನ್ನು. ಅಮೆರಿಕಕ್ಕೆ ಕೆಲಸದ ಮೇಲೆ ಹೋಗುವ ಎಂಜಿನಿಯರನಿಗೆ ಎಚ್-1ಬಿ ಎಂಬ ವೀಸಾ. ಅವನ ಹೆಂಡತಿಗೆ ಎಚ್-4. ಈ ಎರಡನೆಯದರ ಅರ್ಥ ಅವಲಂಬಿತೆ ಎಂದು. ಹೆಂಡತಿಯೇ ಕೆಲಸದ ಮೇಲೆ ಹೋದರೆ ಗಂಡನೇ ಅವಲಂಬಿತ. ಶಾಸನದಲ್ಲಿ ಲಿಂಗಭೇದವಿಲ್ಲ, ಆದರೂ ಹೆಚ್ಚಾಗಿ ಆ ಪಟ್ಟ ಯಾರ ಪಾಲಿಗೆ ಬರುತ್ತದೆಂದು ಕೇಳುಗರಿಗೆ ಹೇಳಬೇಕಾಗಿಲ್ಲ. ಆಕೆಯೂ ಎಂಜಿನಿಯರಾಗಿರಬಹುದು, ವೈದ್ಯಳಾಗಿರಬಹುದು. ಅಲ್ಲಿ ಸಂಬಳಕ್ಕೆ ದುಡಿಯುವಂತಿರಲಿಲ್ಲ. 2015ರಲ್ಲಿ ಬಂದ ಒಂದು ನಿಯಮ, ಗಂಡನ ಶಾಶ್ವತ ವಾಸದ ಅರ್ಜಿ ಒಂದು ಹಂತ ಮುಟ್ಟಿದ್ದರೆ ಹೆಂಡತಿಗೂ ದುಡಿಯುವ ಅನುಮತಿ ಕೇಳಲು ಅವಕಾಶ ಕೊಟ್ಟಿತು. ಅಲ್ಲಿಯೂ ಅನುಮತಿ ನಿಂತಿರುವುದು ಗಂಡನ ಅರ್ಜಿಯ ಮೇಲೆ. ಅವನ ಕೆಲಸ ಹೋದರೆ ಇಬ್ಬರ ವಾಸಕ್ಕೂ ಕುತ್ತು. ವಿಚ್ಛೇದನೆಯಾದರೆ ಆಕೆಯ ವಾಸಕ್ಕೆ ಮಾತ್ರ.

ವರನು ಅಲ್ಲಿಯ ಪೌರನೆ, ಶಾಶ್ವತ ನಿವಾಸಿಯೆ, ಕೆಲಸದ ವೀಸಾದವನೆ ಎಂಬುದರಲ್ಲಿ ಅಂತರ ದೊಡ್ಡದು. ಪೌರನ ಹೆಂಡತಿಗೆ ಸಂಖ್ಯೆಯ ಮಿತಿಯಿಲ್ಲ. ಶಾಶ್ವತ ನಿವಾಸಿಯ ಹೆಂಡತಿ ವಾರ್ಷಿಕ ಮಿತಿಯೊಳಗಿನ ಸರದಿಗೆ ಸೇರಬೇಕು. ಕೆಲಸದ ಮೂಲಕ ಶಾಶ್ವತ ವಾಸ ಬೇಡುವವರಿಗೆ ವರ್ಷಕ್ಕೆ ಮೂಲಸಂಖ್ಯೆ 1,40,000. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ನೂರಕ್ಕೆ ಏಳರ ಮಿತಿ. ಹೆಂಡತಿ ಮಕ್ಕಳೂ ಇದೇ ಲೆಕ್ಕದೊಳಗೆ. ಭಾರತದ ಸರದಿ ಆದಕಾರಣ ವರ್ಷಗಳನ್ನು ದಾಟಿ ದಶಕಗಳ ಮಾತಾಗಿದೆ. ಇದರಲ್ಲಿ ಒಂದು ಸೋಜಿಗವಿದೆ. ಲೆಕ್ಕಕ್ಕೆ ಬರುವುದು ಪೌರತ್ವವಲ್ಲ, ಹುಟ್ಟಿದ ನೆಲ. ಮತ್ತು ಗಂಡಹೆಂಡಿರಲ್ಲಿ ಯಾರ ಜನ್ಮಭೂಮಿ ಅನುಕೂಲವೋ ಅದನ್ನು ಇಬ್ಬರಿಗೂ ಹಚ್ಚಬಹುದು. ತಂದೆ ನೈರೋಬಿಯಲ್ಲಿಯೋ ಮಸ್ಕತ್ತಿನಲ್ಲಿಯೋ ನೌಕರಿಯಲ್ಲಿದ್ದಾಗ ಹುಟ್ಟಿದ ಹುಡುಗಿಯನ್ನು ಮದುವೆಯಾದ ಮಂಡ್ಯದ ಹುಡುಗ ಭಾರತದ ಸರದಿಯಿಂದ ಹೊರಕ್ಕೆ ಬರುತ್ತಾನೆ. ಜಾತಕದಲ್ಲಿ ಜನ್ಮಸ್ಥಳ ಬರೆಯುವವರು ಇಂಥ ಫಲವನ್ನು ಎಣಿಸಿರಲಾರರು.

ಮಕ್ಕಳ ಸಂಗತಿ ಇನ್ನೂ ತೊಡಕು. ಎರಡು ವರ್ಷದ ಕೂಸಾಗಿ ಹೋಗಿ ಅಲ್ಲಿಯೇ ಓದಿ ಬೆಳೆದವನು, ತಂದೆಯ ಸರದಿ ಬರುವುದರೊಳಗೆ 21 ವರ್ಷ ತುಂಬಿಸಿಕೊಂಡರೆ ಅವಲಂಬಿತನೆಂಬ ಸ್ಥಾನ ತಪ್ಪುತ್ತದೆ. 2002ರ ಒಂದು ಕಾಯಿದೆ ವಯಸ್ಸಿನ ಲೆಕ್ಕದಲ್ಲಿ ಕೊಂಚ ರಿಯಾಯಿತಿ ತೋರಿತು. ದಶಕಗಳ ಸರದಿಗೆ ಅದು ಸಾಲದು. ಅವನ ತಂಗಿ ಅಲ್ಲಿಯೇ ಹುಟ್ಟಿದ್ದರೆ, 1868ರ ಸಂವಿಧಾನ ತಿದ್ದುಪಡಿಯ ಬಲದಿಂದ ಹುಟ್ಟಿದಂದೇ ಪೌರಳು. ಈ ಹಕ್ಕನ್ನು ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಇಲ್ಲದಂತೆ ಮಾಡಬೇಕೆಂಬ ಆಜ್ಞೆಯೊಂದು 2025ರಲ್ಲಿ ಹೊರಟು ನ್ಯಾಯಸ್ಥಾನಗಳ ಮುಂದೆ ಹೋಯಿತು. ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಂಗಿಯರು ಎರಡು ರಾಜ್ಯದ ಪ್ರಜೆಗಳು. ಮಗು ಅಲ್ಲಿ ಹುಟ್ಟಿದರೆ ತಂದೆತಾಯಿಗಳೂ ನೆಲಸಬಹುದೆಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗೆ ಇದೆ. ಆ ಮಗು ತಂದೆತಾಯಿಗಳ ಪರವಾಗಿ ಅರ್ಜಿ ಹಾಕಬೇಕಾದರೆ ಅದಕ್ಕೆ 21 ವರ್ಷವಾಗಬೇಕು.

ಮದುವೆ ನಿಜವಾದುದೆಂದು ತೋರಿಸುವ ಹೊರೆಯೂ ದಂಪತಿಗಳದೇ. ರಾಜ್ಯಕ್ಕೆ ಸಂಶಯಪಡುವ ಹಕ್ಕಿಲ್ಲವೆಂದು ನಾವು ಹೇಳುವುದಿಲ್ಲ. ವಾಸದ ಆಸೆಗೆ ಸುಳ್ಳು ಮದುವೆಗಳು ನಡೆಯುತ್ತವೆ. ಆದರೆ ಸಂಶಯ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ 1979ರ ಒಂದು ನಿದರ್ಶನ ಸಾಕು. ಮದುವೆಯಾಗಲೆಂದು ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಇಳಿದ ಭಾರತದ ಒಬ್ಬ ಉಪಾಧ್ಯಾಯಿನಿ, ಈ ಮೊದಲೇ ಮದುವೆಯಾದವಳಿರಬಹುದೆಂಬ ಗುಮಾನಿಯಿಂದ ಅಧಿಕಾರಿಗಳು ಆಕೆಗೆ ವೈದ್ಯರಿಂದ ಕನ್ಯತ್ವಪರೀಕ್ಷೆ ಮಾಡಿಸಿದರು. ಸುದ್ದಿ ಪತ್ರಿಕೆಗೆ ಬಂದ ಮೇಲೆ ಆ ಪದ್ಧತಿಯನ್ನು ನಿಲ್ಲಿಸಿದರು. ಅಮೆರಿಕದ ವಿಧಾನ ಇಷ್ಟು ಅಸಹ್ಯವಾದುದಲ್ಲ, ಆದರೆ ದೀರ್ಘವಾದುದು. 1986ರ ಕಾಯಿದೆಯಂತೆ, ಶಾಶ್ವತ ವಾಸ ದೊರೆಯುವ ಹೊತ್ತಿಗೆ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಆ ಅನುಮತಿ ಎರಡು ವರ್ಷದ ಮಟ್ಟಿಗೆ ಷರತ್ತಿನದು. ಕಡೆಯಲ್ಲಿ ಗಂಡಹೆಂಡಿರಿಬ್ಬರೂ ರುಜು ಹಾಕಿ ಷರತ್ತನ್ನು ತೆಗೆಸಬೇಕು. ಹೊಡೆಯುವ ಗಂಡನ ಕೈಯಲ್ಲಿ ಆ ರುಜು ಎಂಥ ಆಯುಧವಾದೀತೆಂಬುದನ್ನು ಶಾಸನಕರ್ತರು ತಡವಾಗಿ ಕಂಡುಕೊಂಡರು. ಹಿಂಸೆಗೆ ಗುರಿಯಾದವಳು ತಾನೊಬ್ಬಳೇ ಅರ್ಜಿ ಹಾಕಬಹುದು. ಪೌರನ ಅಥವಾ ಶಾಶ್ವತ ನಿವಾಸಿಯ ಹೆಂಡತಿಗೆ 1994ರ ಕಾಯಿದೆ ಈ ದಾರಿಯನ್ನು ಇನ್ನಷ್ಟು ಅಗಲ ಮಾಡಿತು. ಕೆಲಸದ ವೀಸಾದವನ ಹೆಂಡತಿಗೆ ಈ ದಾರಿಯಿಲ್ಲ. ಈ ಮಾತನ್ನು ಕನ್ಯಾಪಿತೃಗಳು ಒಂದು ಕಡೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಬರೆದಿಡಬೇಕಾದ ಇನ್ನೊಂದು ಸಂಗತಿ ವಿವಾಹದ ನೋಂದಣಿ. ಕರ್ನಾಟಕದಲ್ಲಿ ಇದಕ್ಕೆಂದು 1976ರ ಕಾಯಿದೆಯಿದೆ. ಎಲ್ಲ ವಿವಾಹಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿದೆ. ಆದರೂ ಲಗ್ನಪತ್ರಿಕೆಯನ್ನೂ ಧಾರೆಯ ಛಾಯಾಚಿತ್ರವನ್ನೂ ಹಿಡಿದು ರಾಯಭಾರದ ಕಛೇರಿಗೆ ಹೋಗುವವರು ಈಗಲೂ ಇದ್ದಾರೆ. ನೋಂದಣಿಪತ್ರದ ಒಂದು ಪ್ರತಿ ಮಗಳ ಕೈಯಲ್ಲಿರಲಿ, ಆಕೆಯ ಪಾಸ್‌ಪೋರ್ಟೂ ಆಕೆಯ ಕೈಯಲ್ಲಿಯೇ ಇರಲಿ.

ಪರದೇಶಗಳ ಶಾಸನವನ್ನು ಇಷ್ಟು ಹೊತ್ತು ವಿಮರ್ಶಿಸಿದ ಮೇಲೆ ನಮ್ಮದನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಭಾರತೀಯನನ್ನು ಮದುವೆಯಾದ ವಿದೇಶೀಯಳು, ವಿವಾಹ ನೋಂದಣಿಯಾಗಿ ಎರಡು ವರ್ಷ ಅಖಂಡವಾಗಿ ನಡೆದಿದ್ದರೆ, ಸಾಗರೋತ್ತರ ಪೌರಳೆಂಬ ಚೀಟಿಯನ್ನು ಪಡೆಯಬಹುದು. ಅದರ ಬಲದಿಂದ ಇಲ್ಲಿಗೆ ಬರಬಹುದು, ಇರಬಹುದು, ಉದ್ಯೋಗ ಮಾಡಬಹುದು. ನ್ಯಾಯಾಲಯ ಆ ವಿವಾಹವನ್ನು ರದ್ದುಮಾಡಿದರೆ ಸರ್ಕಾರ ಚೀಟಿಯನ್ನೂ ರದ್ದುಮಾಡಬಹುದೆಂದು ನಮ್ಮ ಪೌರತ್ವ ಕಾಯಿದೆಯ 7ಡಿ ಪ್ರಕರಣ ಹೇಳುತ್ತದೆ. ಹಾಗಾದಲ್ಲಿ ಮಕ್ಕಳು ಭಾರತದ ಪ್ರಜೆಗಳಾಗಿ ಜಯನಗರದ ಮನೆಯಲ್ಲಿ ಉಳಿಯಬಹುದು. ಅವರನ್ನು ಹೆತ್ತವಳು ಬೇರೊಂದು ವೀಸಾಕ್ಕೆ ಅರ್ಜಿ ಬರೆಯಬೇಕು.